ಪ್ಲಾಕ್ ಹುಡುಕಿಕೊಂಡು ಹೋಗುವ ಡೈ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರಿಗಾದರೂ ಆಂಜಿಯೋಗ್ರಾಂ ಆಯಿತು ಅಂದರೆ ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಬ್ಲಾಕ್ ಎಷ್ಟು ಪರ್ಸೆಂಟ್?" ನಲವತ್ತು ಅಂದರೆ ಉಸಿರು ಬಿಡುತ್ತೇವೆ. ಎಂಬತ್ತು ಅಂದರೆ ಕೈಕಾಲೇ ಆಡುವುದಿಲ್ಲ. ಆ ಪರ್ಸೆಂಟಿನ ಲೆಕ್ಕಕ್ಕೆ ಸಿಗದ ಒಂದು ಸಂಗತಿಯ ಬಗ್ಗೆ ಈ ಪುಟ. ರಕ್ತನಾಳದ ಗೋಡೆಯೊಳಗೆ ಕೂತ ಕೊಬ್ಬಿನ ಗಂಟನ್ನು, ಅಂದರೆ ಪ್ಲಾಕನ್ನು ಹುಡುಕಿಕೊಂಡು ಹೋಗಿ ಅದಕ್ಕೇ ಅಂಟಿಕೊಳ್ಳುವ ಡೈಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿಯವರೆಗೆ ಬಂದಿವೆ, ನಮಗೆ ಸಿಗುತ್ತವಾ ಅಂತ ಕೇಳುವವರಿಗೆ ಇಲ್ಲಿ ಉತ್ತರ ಇದೆ. ನಿಮ್ಮ ಮಾತ್ರೆ, ನಿಮ್ಮ ಟೆಸ್ಟಿನ ವಿಷಯಕ್ಕೆ ಮಾತ್ರ ನಿಮ್ಮ ಡಾಕ್ಟರನ್ನೇ ಕೇಳಿ.

ಆಂಜಿಯೋಗ್ರಾಂನಲ್ಲಿ ಎಲ್ಲ ಕಾಣುತ್ತದಲ್ಲ, ಇದೇನು ಮತ್ತೆ ಹೊಸದು?

ಎಲ್ಲ ಕಾಣುವುದಿಲ್ಲ. ಆಂಜಿಯೋಗ್ರಾಂನಲ್ಲಿ ಕಾಣುವುದು ರಕ್ತನಾಳ ಅಲ್ಲ, ಅದರೊಳಗೆ ಹರಿಯುವ ಡೈ. ಹೊಳೆ ನೀರಿಗೆ ಬಣ್ಣ ಬೆರೆಸಿ ಗುಡ್ಡದ ಮೇಲಿಂದ ನೋಡಿದ ಹಾಗೆ. ನೀರು ಎಲ್ಲಿ ಕಿರಿದಾಯಿತು ಅಂತ ಗೊತ್ತಾಗುತ್ತದೆ. ದಡದ ಮಣ್ಣು ಗಟ್ಟಿಯಾಗಿದೆಯೋ, ಒಳಗೊಳಗೇ ಸಡಿಲವಾಗಿದೆಯೋ ಗೊತ್ತಾಗುವುದಿಲ್ಲ.

ಹೃದಯದ ರಕ್ತನಾಳಕ್ಕೆ ನೇರವಾಗಿ ಡೈ ಬಿಡುವ ವಿದ್ಯೆ ಶುರುವಾಗಿದ್ದೇ ಒಂದು ಎಡವಟ್ಟಿನಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಮಹಾಧಮನಿಗೆ ಡೈ ಹಾಕಲು ಹೊರಟಿದ್ದರು. ಕೊಳವೆಯ ತುದಿ ಬಲ ಕರೋನರಿಯೊಳಗೆ, ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳದೊಳಗೆ ಸೇರಿಕೊಂಡು ಡೈ ಅಲ್ಲಿಗೇ ನುಗ್ಗಿತು. ರೋಗಿ ಬದುಕಿಕೊಂಡರು. ಕರೋನರಿಗೇ ಡೈ ಬಿಟ್ಟರೂ ಮನುಷ್ಯ ತಡೆದುಕೊಳ್ಳುತ್ತಾನೆ ಅನ್ನುವುದು ಅವತ್ತು ಗೊತ್ತಾಯಿತು. ಇವತ್ತಿನ ಆಂಜಿಯೋಗ್ರಾಂ ಅಲ್ಲಿಂದ ಬಂದದ್ದು.

ಆದರೆ ಇದರಲ್ಲಿ ಒಂದು ಮೋಸ ಇದೆ. ಅದನ್ನು 1987ರಲ್ಲಿ ಶಿಕಾಗೋದ ಸೀಮೋರ್ ಗ್ಲಾಗೋವ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಗೋಡೆಯಲ್ಲಿ ಪ್ಲಾಕ್ ಬೆಳೆಯುತ್ತಾ ಹೋದಂತೆ ರಕ್ತನಾಳ ಹೊರಗಡೆಗೆ ಉಬ್ಬಿಕೊಂಡು ಒಳಗಿನ ದಾರಿಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಸುಮಾರು ಶೇ 40ರಷ್ಟು ಜಾಗ ಪ್ಲಾಕ್ ತುಂಬುವವರೆಗೂ ದಾರಿ ಕಿರಿದಾಗುವುದೇ ಇಲ್ಲ. ಅಂದರೆ ಪ್ಲಾಕ್ ಚೆನ್ನಾಗಿಯೇ ಬೆಳೆದಿರಬಹುದು, ಆಂಜಿಯೋಗ್ರಾಂ ಮಾತ್ರ "ನಾರ್ಮಲ್" ಅನ್ನುತ್ತಿರಬಹುದು.

ಪ್ಲಾಕ್ ಅಂದರೆ ನಲ್ಲಿ ಪೈಪಿನಲ್ಲಿ ಕಟ್ಟುವ ಪಾಚಿ ಥರಾನಾ?

ಪೈಪಿನ ಹೋಲಿಕೆಯನ್ನು ಆಸ್ಪತ್ರೆಯ ಚಾರ್ಟುಗಳಲ್ಲೇ ಹಾಕಿರುತ್ತಾರೆ, ಹಾಗಾಗಿ ನಮ್ಮ ತಲೆಯಲ್ಲಿ ಅದೇ ಕೂತುಬಿಟ್ಟಿದೆ. ನನ್ನ ಕೇಳಿದರೆ ಕುರುವಿನ ಹೋಲಿಕೆ ಜಾಸ್ತಿ ಸರಿ. ಪಾಚಿ ಪೈಪಿನ ಒಳಮೈಗೆ ಮೇಲಿಂದ ಮೆತ್ತಿಕೊಳ್ಳುತ್ತದೆ. ಪ್ಲಾಕ್ ಹಾಗಲ್ಲ, ಚರ್ಮದ ಒಳಗೆ ಕುರು ಏಳುವ ಹಾಗೆ ರಕ್ತನಾಳದ ಗೋಡೆಯ ಒಳಗೇ ಏಳುತ್ತದೆ.

ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ಸೇರಿಕೊಳ್ಳುತ್ತದೆ. ಅದನ್ನು ತಿಂದು ಹಾಕೋಣ ಅಂತ ಮ್ಯಾಕ್ರೋಫೇಜ್ ಅನ್ನುವ ಜೀವಕೋಶಗಳು ಬರುತ್ತವೆ. ಇವು ಬಿಳಿ ರಕ್ತಕಣಗಳ ಬಳಗದವು, ಮೈಯೊಳಗಿನ ಪೌರಕಾರ್ಮಿಕರು ಅಂದುಕೊಳ್ಳಿ. ತಿಂದು ತಿಂದು ಹೊಟ್ಟೆ ಉಬ್ಬಿ ಕೊನೆಗೆ ಅಲ್ಲೇ ಸಾಯುತ್ತವೆ. ಸತ್ತವನ್ನು ತೆಗೆಯಲು ಮತ್ತಷ್ಟು ಬರುತ್ತವೆ. ಹೀಗೆ ನಡುವೆ ಗಂಜಿಯಂಥ ಕೊಬ್ಬು, ಸತ್ತ ಕೋಶಗಳು, ಸುತ್ತ ಉರಿಯೂತ, ಮೇಲೆ ನಾರಿನ ಒಂದು ಪೊರೆ. ಆ ಪೊರೆ ದಪ್ಪ ಇದ್ದರೆ ಇಪ್ಪತ್ತು ವರ್ಷ ಆದರೂ ಏನೂ ಆಗದೆ ಇರಬಹುದು. ತೆಳುವಾಗುತ್ತಾ ಬಂದರೆ ಕುರು ಹಣ್ಣಾಯಿತು ಅನ್ನುತ್ತೇವಲ್ಲ, ಹಾಗೆ. ಒಡೆದರೆ ಒಳಗಿನದು ರಕ್ತಕ್ಕೆ ತಾಗಿ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಅದೇ ಹಾರ್ಟ್ ಅಟ್ಯಾಕ್. ಕುತ್ತಿಗೆಯಲ್ಲಿ ಆದರೆ ಪಾರ್ಶ್ವವಾಯು.

ಪೊರೆ ಎಷ್ಟು ತೆಳುವಾದರೆ ಅಪಾಯ? ಪರಿಣತರು 65 ಮೈಕ್ರಾನ್‌ಗಿಂತ ಕಡಿಮೆ ಅಂತ ಲೆಕ್ಕ ಹಿಡಿಯುತ್ತಾರೆ. ನಿಮ್ಮ ತಲೆಯಿಂದ ಒಂದು ಕೂದಲು ಕಿತ್ತು ಬೆರಳ ನಡುವೆ ಹೊಸೆದು ನೋಡಿ. ಹೆಚ್ಚು ಕಡಿಮೆ ಅಷ್ಟೇ ದಪ್ಪ.

ಹಲ್ಲಿನ ಡಾಕ್ಟರ್ ಹೇಳುವ ಪ್ಲಾಕೂ ಇದೂ ಒಂದೇನಾ?

ಅಲ್ಲ. ಹೆಸರು ಮಾತ್ರ ಒಂದು.

"ಗುರಿ ಇಟ್ಟ" ಡೈ ಅಂದರೆ ಏನು? ಮಾಮೂಲಿ ಡೈಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಡೈ ಕರಪತ್ರ ಹಂಚಿದ ಹಾಗೆ, ಸಿಕ್ಕವರಿಗೆಲ್ಲ ಒಂದೊಂದು. ಸಿಟಿಗೆ ಹಾಕುವ ಅಯೋಡಿನ್ ಡೈ, ಎಂಆರ್‌ಐಗೆ ಹಾಕುವ ಗ್ಯಾಡೊಲಿನಿಯಂ ಡೈ ಎರಡೂ ರಕ್ತ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗಿ, ಕಿಡ್ನಿಯಿಂದ ಸೋಸಿ ಹೊರಗೆ ಬರುತ್ತವೆ. ಗುರಿ ಇಟ್ಟ ಡೈ ವಿಳಾಸ ಬರೆದ ರಿಜಿಸ್ಟರ್ಡ್ ಪೋಸ್ಟು. ಮನೆ ಬಾಗಿಲಿಗೇ ಹೋಗಬೇಕು, ಆ ಮನೆಯವರೇ ಸಹಿ ಹಾಕಿ ತೆಗೆದುಕೊಳ್ಳಬೇಕು.

ಇದರಲ್ಲಿ ಕಡೇಪಕ್ಷ ಎರಡು ಭಾಗ ಇರುತ್ತವೆ. ಒಂದು ಕೊಕ್ಕೆ, ಪ್ಲಾಕಿನಲ್ಲಿರುವ ಯಾವುದೋ ಒಂದು ವಸ್ತುವಿಗೇ ಸಿಕ್ಕಿಕೊಳ್ಳುವಂಥದ್ದು. ಇನ್ನೊಂದು ದೀಪ, ಯಂತ್ರಕ್ಕೆ ಕಾಣುವಂಥದ್ದು. ದೀಪಗಳ ಗೊಂಚಲೇ ಬೇಕು ಅನ್ನುವ ಕಡೆ ಎರಡನ್ನೂ ಹೊತ್ತುಕೊಂಡು ಹೋಗಲು ಒಂದು ನ್ಯಾನೊ ಕಣವನ್ನು ಗಾಡಿ ಮಾಡುತ್ತಾರೆ.

ಕೆಲವಕ್ಕೆ ಕೊಕ್ಕೆ ಬೇಕಾಗುವುದೂ ಇಲ್ಲ. ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ರಕ್ತಕ್ಕೆ ಬಿಟ್ಟರೆ ಮ್ಯಾಕ್ರೋಫೇಜುಗಳು ತಾವೇ ನುಂಗಿಕೊಳ್ಳುತ್ತವೆ. ಕಸ ತಿನ್ನುವುದೇ ಅವುಗಳ ಕಸುಬು. ಕಳ್ಳನ ಚಟ ನೋಡಿ ಬಲೆ ಹಾಕಿದ ಹಾಗೆ.

ಪ್ಲಾಕಿನಲ್ಲಿ ಯಾವುದಕ್ಕೆ ಗುರಿ ಇಡುತ್ತಾರೆ?

ರೋಗದ ಯಾವ ಹಂತ ನೋಡಬೇಕು ಅನ್ನುವುದರ ಮೇಲಿದೆ. ಶುರುವಿನಲ್ಲಿ ರಕ್ತನಾಳದ ಒಳಪದರ ವಿಕ್ಯಾಮ್-1 ಅನ್ನುವ ಅಂಟು ಪ್ರೋಟೀನನ್ನು ಹೊರಗೆ ಚಾಚುತ್ತದೆ. ಬಿಳಿ ರಕ್ತಕಣಗಳನ್ನು "ಬನ್ನಿ" ಅಂತ ಕರೆಯುವ ಕೈ ಅದು. ಆಮೇಲಿನ ಹಂತದಲ್ಲಿ ಮ್ಯಾಕ್ರೋಫೇಜುಗಳು ತಾವೇ ಗುರಿ. ಪ್ಲಾಕ್ ದೊಡ್ಡದಾದಾಗ ಅದರೊಳಗೆ ಹೊಸ ಸಣ್ಣ ರಕ್ತನಾಳಗಳು ಹುಟ್ಟುತ್ತವೆ, ಅವುಗಳ ಮೇಲೆ ಇಂಟಿಗ್ರಿನ್ ಅನ್ನುವ ಪ್ರೋಟೀನ್ ಇರುತ್ತದೆ. ಸಾಯುತ್ತಿರುವ ಕೋಶಗಳಿಗೆ ಅಂಟುವ ಅನೆಕ್ಸಿನ್ ಇದೆ. ಒಡೆದ ಮೇಲೆ ಹೆಪ್ಪಿನಲ್ಲಿ ಫೈಬ್ರಿನ್ ಇರುತ್ತದೆ, ಅದಕ್ಕೂ ಕೊಕ್ಕೆ ಮಾಡಿದ್ದಾರೆ. ಇನ್ನೊಂದು ಸುಣ್ಣದ ಹರಳು. ಅದರ ಕಥೆ ದೊಡ್ಡದು, ಮುಂದೆ ಬರುತ್ತದೆ.

ಯಾವ ಯಂತ್ರದಲ್ಲಿ ನೋಡುತ್ತಾರೆ? ಎಂಆರ್‌ಐ ಒಳ್ಳೆಯದಾ, ಪೆಟ್ ಒಳ್ಳೆಯದಾ?

ಇಲ್ಲಿ ಸ್ವಲ್ಪ ಲೆಕ್ಕಾಚಾರ ಇದೆ. ಎಂಆರ್‌ಐ ಚಿತ್ರ ಚೊಕ್ಕಟ, ವಿಕಿರಣ ಇಲ್ಲ. ಆದರೆ ಕಿವಿ ಮಂದ. ಒಂದು ಜಾಗದಲ್ಲಿ ಗ್ಯಾಡೊಲಿನಿಯಂ ಬೇಕಾದಷ್ಟು ಗುಂಪುಗೂಡಿದರೆ ಮಾತ್ರ ಅದಕ್ಕೆ ಕೇಳಿಸುತ್ತದೆ. ಪ್ಲಾಕಿನ ಮೇಲೆ ಒಂದೊಂದು ಕೊಕ್ಕೆಗೆ ಒಂದೊಂದು ಗ್ಯಾಡೊಲಿನಿಯಂ ಅಂಟಿಸಿದರೆ ಸಾಲುವುದೇ ಇಲ್ಲ. ಅದಕ್ಕೇ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರೆಗರಿ ಲ್ಯಾಂಜಾ, ಸ್ಯಾಮ್ಯುಯೆಲ್ ವಿಕ್‌ಲೈನ್ ತಂಡದವರು ಒಂದೊಂದು ಕಣದ ಮೈಮೇಲೆ ಹತ್ತಾರು ಸಾವಿರ ಗ್ಯಾಡೊಲಿನಿಯಂ ಕೂರಿಸಿದರು. 2003ರಲ್ಲಿ ಮೊಲಗಳ ಮಹಾಧಮನಿಯಲ್ಲಿ ಅದು ಚೆನ್ನಾಗಿಯೇ ಕಾಣಿಸಿತು.

ಪೆಟ್ ಸ್ಕ್ಯಾನ್ ಹುಡುಕುವುದು ಡೈಗೆ ಹಚ್ಚಿದ ವಿಕಿರಣದ ಗುರುತನ್ನು. ಅದಕ್ಕೆ ಎಂಆರ್‌ಐಗಿಂತ ಸಾವಿರಾರು ಪಾಲು ಕಡಿಮೆ ವಸ್ತು ಇದ್ದರೂ ಸಾಕು. ಆದರೆ ಕಣ್ಣು ಮಂಜು. ನಾಲ್ಕೈದು ಮಿ.ಮೀ.ಗಿಂತ ಸಣ್ಣದನ್ನು ಬಿಡಿಸಿ ನೋಡುವುದು ಕಷ್ಟ. ಕರೋನರಿ ಇರುವುದೇ ಮೂರ್ನಾಲ್ಕು ಮಿ.ಮೀ. ಅಗಲ. ಅದೂ ಸುಮ್ನೆ ನಿಂತಿರುವುದಿಲ್ಲ, ಹೃದಯದ ಜೊತೆ ಕುಣಿಯುತ್ತದೆ, ಉಸಿರಾಟದ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಅದಕ್ಕೇ ಪೆಟ್ ಜೊತೆಗೆ ಸಿಟಿ ಆಂಜಿಯೋವನ್ನೂ ಮಾಡಿ ಒಂದರ ಮೇಲೊಂದು ಇಟ್ಟು ನೋಡುತ್ತಾರೆ. ಸಿಟಿ ಜಾಗ ತೋರಿಸುತ್ತದೆ, ಪೆಟ್ ಎಲ್ಲಿ ಉರಿಯುತ್ತಿದೆ ಅಂತ ತೋರಿಸುತ್ತದೆ.

ಅಲ್ಟ್ರಾಸೌಂಡ್‌ನವರು ಸೂಕ್ಷ್ಮ ಗುಳ್ಳೆಗಳನ್ನು ಬಳಸುತ್ತಾರೆ. ಆ ಗುಳ್ಳೆ ಸುಮಾರು ಕೆಂಪು ರಕ್ತಕಣದಷ್ಟು ಗಾತ್ರ, ರಕ್ತನಾಳ ಬಿಟ್ಟು ಆಚೆ ಹೋಗಲಾರದು. ಹಾಗಾಗಿ ಗೋಡೆಯ ಒಳಮೈ ಮೇಲಿರುವುದಕ್ಕೆ ಮಾತ್ರ ಅಂಟುತ್ತದೆ, ಒಳಗಿನ ಗಂಜಿಗೆ ಅಲ್ಲ. ಮಾಮೂಲಿ ಸಿಟಿ ಈ ವಿಷಯದಲ್ಲಿ ಎಲ್ಲಕ್ಕಿಂತ ಕಿವುಡು. ಚಿನ್ನದ ಅಥವಾ ಅಯೋಡಿನ್ ತುಂಬಿದ ನ್ಯಾನೊ ಕಣಗಳನ್ನು ಇಲಿ, ಮೊಲಗಳಲ್ಲಿ ಬಳಸಿ ನೋಡಿದ್ದಾರೆ ಅಷ್ಟೇ.

ಮನುಷ್ಯರಲ್ಲಿ ನಿಜವಾಗಿ ಕೆಲಸ ಮಾಡಿರುವುದು ಯಾವುದು?

ನನಗೆ ಈ ವಿಷಯದಲ್ಲಿ ತುಂಬಾ ಸ್ವಾರಸ್ಯ ಅನಿಸುವುದು ಇದೇ. ಪ್ಲಾಕಿಗೆ ಅಂತಲೇ ವರ್ಷಗಟ್ಟಲೆ ಕೂತು ಲ್ಯಾಬಿನಲ್ಲಿ ಕಟ್ಟಿದ ಕಣಗಳಲ್ಲಿ ಹೆಚ್ಚಿನವು ಮೊಲದ ಹತ್ತಿರವೇ ನಿಂತುಬಿಟ್ಟವು. ಮನುಷ್ಯರವರೆಗೆ ಬಂದು ಬಾಳಿಕೆ ಬಂದವೆಲ್ಲ ಬೇರೆ ರೋಗದವರ ಮನೆಯಿಂದ ಕಡ ತಂದವು!

ಮೊದಲನೆಯದು ಕ್ಯಾನ್ಸರ್‌ನವರ ಸಕ್ಕರೆ. ಪೆಟ್ ಸ್ಕ್ಯಾನಿಗೆ ಹಾಕುವ ಎಫ್‌ಡಿಜಿ ಅಂದರೆ ವಿಕಿರಣದ ಗುರುತು ಹಚ್ಚಿದ ಗ್ಲೂಕೋಸ್. ಹಸಿದ ಕೋಶ ಅದನ್ನು ನುಂಗುತ್ತದೆ. ಕ್ಯಾನ್ಸರ್ ಕೋಶಕ್ಕೂ ಹಸಿವು, ಉರಿಯೂತದ ಮ್ಯಾಕ್ರೋಫೇಜಿಗೂ ಹಸಿವು. 2002ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೇಮ್ಸ್ ರಡ್ ತಂಡ 8 ಜನ ರೋಗಿಗಳ ಕುತ್ತಿಗೆಯ ರಕ್ತನಾಳಗಳನ್ನು ನೋಡಿತು. ಎಲ್ಲರಿಗೂ ಪಾರ್ಶ್ವವಾಯುವಿನ ಮುನ್ಸೂಚನೆ ಬಂದಿತ್ತು. ತೊಂದರೆ ಕೊಟ್ಟ ಕಡೆಯ ಪ್ಲಾಕ್ ಇನ್ನೊಂದು ಕಡೆಯದಕ್ಕಿಂತ ಶೇ 27ರಷ್ಟು ಹೆಚ್ಚು ಸಕ್ಕರೆ ಎಳೆದುಕೊಂಡಿತ್ತು. ಎಂಟೇ ಜನ, ಆದರೂ ಬಾಗಿಲು ತೆರೆದದ್ದು ಅದೇ. ಹೃದಯದಲ್ಲಿ ಮಾತ್ರ ಈ ಸಕ್ಕರೆ ಪರದಾಡುತ್ತದೆ. ಹೃದಯದ ಸ್ನಾಯುವೇ ಸಕ್ಕರೆ ತಿಂದು ಝಗಮಗ ಹೊಳೆಯುತ್ತದೆ, ಪಕ್ಕದ ಕರೋನರಿ ಆ ಬೆಳಕಿನಲ್ಲಿ ಮುಳುಗಿಹೋಗುತ್ತದೆ. ಅದಕ್ಕೇ ಇಂಥ ಸ್ಕ್ಯಾನಿಗೆ ಹಿಂದಿನ ದಿನದಿಂದ ಅನ್ನ, ಮುದ್ದೆ, ಚಪಾತಿ, ಹಣ್ಣು ಎಲ್ಲ ಬಂದ್. ಮೊಟ್ಟೆ, ಪನೀರು, ತುಪ್ಪ ಇಂಥದ್ದನ್ನೇ ತಿಂದು, ಆಮೇಲೆ ಉಪವಾಸ ಇರಬೇಕು. ಸ್ನಾಯು ಕೊಬ್ಬು ಉರಿಸಲು ಶುರುಮಾಡಿದರೆ ಸಕ್ಕರೆ ಮುಟ್ಟುವುದಿಲ್ಲ ಅನ್ನುವ ಲೆಕ್ಕ. ಎಷ್ಟೋ ಸಲ ಅದೂ ಕೈಕೊಡುತ್ತದೆ.

ಎರಡನೆಯದು ಕಬ್ಬಿಣ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನವರು ಕುತ್ತಿಗೆಯ ಪ್ಲಾಕ್ ಆಪರೇಷನ್‌ಗೆ ಕಾದಿದ್ದ 11 ಜನರಿಗೆ ಕಬ್ಬಿಣದ ಆಕ್ಸೈಡಿನ ಕಣ ಕೊಟ್ಟರು. ಕಣ ಒಳಗೆ ಸೇರಲು ಒಂದು ದಿನ ಬೇಕು. ಒಂದು ದಿನ ಬಿಟ್ಟು ಎಂಆರ್‌ಐ ಮಾಡಿದಾಗ ಕೆಲವು ಕಡೆ ಕಪ್ಪು ಕಲೆ ಬಿದ್ದಿತ್ತು. ಆಪರೇಷನ್ ಆದ ಮೇಲೆ ತೆಗೆದ ಪ್ಲಾಕನ್ನೇ ಸೀಳಿ ನೋಡಿದರೆ, ಕಬ್ಬಿಣ ಇದ್ದದ್ದು ಮ್ಯಾಕ್ರೋಫೇಜುಗಳ ಹೊಟ್ಟೆಯಲ್ಲಿ. ಒಡೆದ ಅಥವಾ ಒಡೆಯುವಂತಿದ್ದ ಪ್ಲಾಕುಗಳಲ್ಲೇ ಜಾಸ್ತಿ. ಈಗ ಈ ಜಾತಿಯ ಕಣಗಳಲ್ಲಿ ಜಾಸ್ತಿ ಓಡಾಡುವುದು ಫೆರುಮಾಕ್ಸಿಟಾಲ್. ಅದೂ ಕಡ ತಂದದ್ದೇ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ.

ಮೂರನೆಯದು ಗ್ಯಾಲಿಯಂ-68 ಡೋಟಾಟೇಟ್. ಕರುಳು, ಮೇದೋಜೀರಕದಲ್ಲಿ ಬರುವ ಒಂದು ಅಪರೂಪದ ಗಡ್ಡೆಗೆ ಬಳಸುವಂಥದ್ದು. ಈ ಡೈ ಅಂಟುವುದು ಆ ಗಡ್ಡೆಯ ಮೇಲಿರುವ ಒಂದು ಗ್ರಾಹಕ ಪ್ರೋಟೀನಿಗೆ (ರಿಸೆಪ್ಟರ್), ಅದೇ ಕೆರಳಿದ ಮ್ಯಾಕ್ರೋಫೇಜಿನ ಮೇಲೂ ಇದೆ. ಹೃದಯದ ಸ್ನಾಯುವಿನ ಮೇಲೆ ಹೆಚ್ಚಿಲ್ಲ. 2017ರಲ್ಲಿ ಮತ್ತೆ ಕೇಂಬ್ರಿಜ್‌ನ ತಂಡವೊಂದು 42 ಜನರಲ್ಲಿ ಇದನ್ನೂ ಸಕ್ಕರೆಯನ್ನೂ ಹೋಲಿಸಿತು. ಸಕ್ಕರೆಯ ಸ್ಕ್ಯಾನಿನಲ್ಲಿ 27 ಜನರ ಕರೋನರಿ ಓದಲಿಕ್ಕೇ ಬರಲಿಲ್ಲ. ಡೋಟಾಟೇಟ್‌ಗೆ ಆ ತಾಪತ್ರಯ ಇರಲಿಲ್ಲ.

ನಾಲ್ಕನೆಯದು ಸೋಡಿಯಂ ಫ್ಲೋರೈಡ್. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಸೋಡಿಯಂ ಫ್ಲೋರೈಡ್ ಅಂದರೆ ಟೂತ್‌ಪೇಸ್ಟಿನಲ್ಲಿ ಇರುವುದಲ್ವಾ? ಪಾವಗಡದ ನೀರಿನ ಫ್ಲೋರೈಡಾ?

ಹೌದು, ಅದೇ ಫ್ಲೋರೈಡ್. ಪಾವಗಡ, ಕೋಲಾರದ ಕಡೆಯ ಬೋರ್‌ವೆಲ್ ನೀರು ವರ್ಷಗಟ್ಟಲೆ ಕುಡಿದವರ ಹಲ್ಲಿಗೆ ಕಂದು ಕಲೆ ಬರುವುದು, ಮೂಳೆ ಬಾಗುವುದು ಯಾಕೆ? ಫ್ಲೋರೈಡಿಗೆ ಮೂಳೆಯ ಸುಣ್ಣದ ಹರಳು ಅಂದರೆ ಪ್ರಾಣ. ಹೋಗಿ ಅದರೊಳಗೇ ಕೂತುಬಿಡುತ್ತದೆ. ಸ್ಕ್ಯಾನ್ ಬಳಸಿಕೊಳ್ಳುವುದೂ ಅದೇ ಗುಣವನ್ನು. ವ್ಯತ್ಯಾಸ ಪ್ರಮಾಣದ್ದು. ಸ್ಕ್ಯಾನಿಗೆ ಹಾಕುವ ಫ್ಲೋರಿನ್-18, ಅಂದರೆ ವಿಕಿರಣ ಸೂಸುವ ಫ್ಲೋರಿನ್, ತೂಕಕ್ಕೇ ಸಿಗದಷ್ಟು ಕಡಿಮೆ, ಅದರಿಂದ ಫ್ಲೋರೋಸಿಸ್ ಬರುವ ಮಾತೇ ಇಲ್ಲ.

ಇದು 1960ರ ದಶಕದಿಂದಲೂ ಮೂಳೆ ಸ್ಕ್ಯಾನಿನ ವಸ್ತು. ಪ್ಲಾಕಿಗೆ ಹೇಗೆ ಬಂತು? ಉರಿಯೂತ ಇರುವ ಪ್ಲಾಕಿನಲ್ಲಿ ಸತ್ತ ಕೋಶಗಳ ಸುತ್ತ ಹೊಸದಾಗಿ ಸುಣ್ಣ ಕಟ್ಟಲು ಶುರುವಾಗುತ್ತದೆ. ಪುಡಿ ಪುಡಿ ಸುಣ್ಣ. ಸಿಟಿಯಲ್ಲಿ ಬೆಳ್ಳಗೆ ಹೊಳೆಯುವ ದೊಡ್ಡ ಸುಣ್ಣದ ಗಡ್ಡೆ ಹಳೇ ಗಾಯ ಮಾಗಿದ ಗುರುತು. ಫ್ಲೋರೈಡ್ ಹುಡುಕುವುದು ಸಿಟಿಗೆ ಇನ್ನೂ ಕಾಣದ ಈ ಪುಡಿಯನ್ನು. ಪುಡಿಯ ಮೇಲ್ಮೈ ಜಾಸ್ತಿ, ಹಾಗಾಗಿ ಅಲ್ಲಿ ಫ್ಲೋರೈಡೂ ಜಾಸ್ತಿ ಕೂರುತ್ತದೆ.

ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ ನಿಖಿಲ್ ಜೋಶಿ, ಮಾರ್ಕ್ ಡ್ವೆಕ್, ಡೇವಿಡ್ ನ್ಯೂಬಿ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2014ರಲ್ಲಿ ಬಂತು. ಆಗಷ್ಟೇ ಹಾರ್ಟ್ ಅಟ್ಯಾಕ್ ಆಗಿದ್ದ 40 ಜನ, ಸ್ಥಿರವಾದ ಎದೆನೋವು ಇದ್ದ 40 ಜನ. ಅಟ್ಯಾಕ್ ಆದ 40ರಲ್ಲಿ 37 ಜನರಿಗೆ ಎಲ್ಲಕ್ಕಿಂತ ಜಾಸ್ತಿ ಹೊಳೆದ ಜಾಗ ಅಟ್ಯಾಕಿಗೆ ಕಾರಣವಾದ ಪ್ಲಾಕೇ ಆಗಿತ್ತು. ಇನ್ನೊಂದು ಗುಂಪಿನಲ್ಲೂ 18 ಜನರಿಗೆ ಎಲ್ಲೋ ಒಂದು ಕಡೆ ಹೊಳಪಿತ್ತು. ಅವರಿಗೆ ಅಟ್ಯಾಕ್ ಆಗಿರಲಿಲ್ಲ. ಅವರು ಮುಂದಿನ ಸಾಲಿನಲ್ಲಿ ನಿಂತವರಾ? ಎಲ್ಲರ ಮನಸ್ಸಿನಲ್ಲೂ ಎದ್ದ ಪ್ರಶ್ನೆ ಅದೇ.

ಅಂದರೆ ಇದು ಹಾರ್ಟ್ ಅಟ್ಯಾಕನ್ನು ಮುಂಚೆಯೇ ಹೇಳಿಬಿಡುತ್ತದಾ?

ಆ ಪ್ರಶ್ನೆಗೆ ಉತ್ತರ ಹುಡುಕಲು ಅದೇ ಬಳಗದವರು ಹಲವು ಆಸ್ಪತ್ರೆ ಸೇರಿಸಿ ದೊಡ್ಡ ಅಧ್ಯಯನ ಮಾಡಿದರು. ಆಗಷ್ಟೇ ಅಟ್ಯಾಕ್ ಆಗಿ ಒಂದಕ್ಕಿಂತ ಹೆಚ್ಚು ರಕ್ತನಾಳದಲ್ಲಿ ಪ್ಲಾಕ್ ಇದ್ದ 704 ಜನರನ್ನು ಸುಮಾರು 4 ವರ್ಷ ಹಿಂಬಾಲಿಸಿದರು. 2023ರಲ್ಲಿ ಫಲಿತಾಂಶ ಬಂತು, ಅರ್ಧ ಸಿಹಿ ಅರ್ಧ ಕಹಿ. ಹೃದಯದ ಸಾವು, ಅಟ್ಯಾಕ್, ಅಚಾನಕ್ಕಾಗಿ ಸ್ಟೆಂಟ್ ಅಥವಾ ಬೈಪಾಸ್ ಇವೆಲ್ಲ ಸೇರಿಸಿದ ಮುಖ್ಯ ಲೆಕ್ಕದಲ್ಲಿ ಹೊಳಪು ಇದ್ದವರಿಗೂ ಇಲ್ಲದವರಿಗೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಹೃದಯದ ಸಾವು ಮತ್ತು ಅಟ್ಯಾಕ್ ಎರಡನ್ನೇ ತೆಗೆದುಕೊಂಡರೆ ಹೊಳಪು ಇದ್ದವರಿಗೆ ಅಪಾಯ ಜಾಸ್ತಿ ಇತ್ತು.

ಮುಖ್ಯ ಪ್ರಶ್ನೆಗೆ "ಇಲ್ಲ" ಬಂದ ಮೇಲೆ ಎರಡನೇ ಪ್ರಶ್ನೆಯ "ಹೌದು" ಹಿಡಿದು ಕುಣಿಯುವುದು ಸರಿಯಲ್ಲ. ಹಾಗಂತ ಬಿಸಾಕುವಂಥ ಫಲಿತಾಂಶವೂ ಅಲ್ಲ. ಹೊಳಪು ಇದ್ದವರು ಅರ್ಧಕ್ಕಿಂತ ಜಾಸ್ತಿ, ಅವರಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಕುರು ಹಣ್ಣಾದದ್ದೆಲ್ಲ ಒಡೆಯುವುದಿಲ್ಲ, ಎಷ್ಟೋ ತಾನೇ ಬತ್ತಿಹೋಗುತ್ತವೆ. ಪ್ಲಾಕ್ ಕೂಡ ಹಾಗೆ. ಒಡೆದ ಪೊರೆ ಸದ್ದಿಲ್ಲದೆ ಮಾಗುವುದೂ ಉಂಟು.

ಸ್ಕ್ಯಾನಿನ ದಿನ ಏನೇನು ಮಾಡುತ್ತಾರೆ?

ಫ್ಲೋರೈಡ್ ಸ್ಕ್ಯಾನನ್ನೇ ತೆಗೆದುಕೊಳ್ಳೋಣ. ಕೈಗೆ ಸೂಜಿ ಹಾಕಿ ಡೈ ಕೊಡುತ್ತಾರೆ. ಸಿರಿಂಜು ಭಾರದ ಲೋಹದ ಕವಚದಲ್ಲಿ ಬರುತ್ತದೆ, ಅದನ್ನು ನೋಡಿಯೇ ಕೆಲವರಿಗೆ ಬೆವರು. ಉರಿ, ನೋವು ಏನೂ ಇಲ್ಲ. ಆಮೇಲೆ ಒಂದು ಗಂಟೆ ಅಥವಾ ಇನ್ನೂ ಜಾಸ್ತಿ ಹೊತ್ತು ಬೇರೆ ಕೋಣೆಯಲ್ಲಿ ಕೂರಬೇಕು. ಜೊತೆಗೆ ಬಂದವರನ್ನು ಒಳಗೆ ಬಿಡುವುದಿಲ್ಲ. ನೀರು ಕುಡಿಯಿರಿ, ಮೂತ್ರಕ್ಕೆ ಹೋಗಿ ಬನ್ನಿ ಅನ್ನುತ್ತಾರೆ. ನಂತರ ಎದೆಗೆ ಇಸಿಜಿ ತಂತಿ ಅಂಟಿಸಿ, ಎರಡೂ ಕೈ ತಲೆ ಮೇಲೆ ಇಟ್ಟು ಅರ್ಧ ಗಂಟೆ ಮಲಗಬೇಕು. ಭುಜ ಹಿಡಿದುಕೊಂಡವರಿಗೆ ಇದೇ ದೊಡ್ಡ ಶಿಕ್ಷೆ. ಸಿಟಿ ಆಂಜಿಯೋಗೆ ಹೃದಯ ನಿಧಾನವಾಗಲಿ ಅಂತ ಮಾತ್ರೆ ಕೊಡುವುದುಂಟು. ಅದರ ಅಯೋಡಿನ್ ಡೈ ಹೋಗುವಾಗ ಮೈಯೆಲ್ಲ ಬಿಸಿ ಬಿಸಿ ಆಗುತ್ತದೆ, ಬಟ್ಟೆಯಲ್ಲೇ ಮೂತ್ರ ಹೋಯಿತೇನೋ ಅನಿಸುತ್ತದೆ. ಹೋಗಿರುವುದಿಲ್ಲ. ಗಾಬರಿ ಬೇಡ.

ಇನ್ನೊಂದು ಮಾತು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಅಂದರೆ ಅಷ್ಟು ಹೊತ್ತಿಗೆ ಅರ್ಧ ಖಾಲಿ. ಸೈಕ್ಲೋಟ್ರಾನ್ ಅನ್ನುವ ದೊಡ್ಡ ಯಂತ್ರದಲ್ಲಿ ತಯಾರಿಸಿ ಗಾಡಿಯಲ್ಲಿ ತರುವಷ್ಟರಲ್ಲೇ ಕರಗುತ್ತಿರುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅದು ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಅದಕ್ಕೇ ನಿಮಗೆ ಏಳು ಗಂಟೆಗೆ ಬನ್ನಿ ಅಂದರೆ ಏಳಕ್ಕೇ ಹೋಗಬೇಕು. ಗ್ಯಾಲಿಯಂ-68ರದು ಬರೀ 68 ನಿಮಿಷ, ಆದರೆ ಅದನ್ನು ಆಸ್ಪತ್ರೆಯಲ್ಲೇ ಒಂದು ಜನರೇಟರ್‌ನಿಂದ ಹಸು ಕರೆದ ಹಾಗೆ ಕರೆದುಕೊಳ್ಳುತ್ತಾರೆ. ಆ ವಿಭಾಗದವರ ಬಾಯಲ್ಲಿ ಅದರ ಹೆಸರೇ ಹಸು. ಕರೆದ ಮೇಲೆ ಕೆಲವು ಗಂಟೆ ಬಿಟ್ಟರೆ ಕೆಚ್ಚಲು ಮತ್ತೆ ತುಂಬುತ್ತದೆ.

ಮೊಲದಲ್ಲಿ ಅಷ್ಟು ಚೆನ್ನಾಗಿ ಕಂಡದ್ದು ಮನುಷ್ಯರಿಗೆ ಯಾಕೆ ಬರಲಿಲ್ಲ?

ಮೊಲಕ್ಕೂ ಪ್ಲಾಕಿಗೂ ಹಳೇ ನಂಟು. 1913ರಲ್ಲಿ ರಷ್ಯಾದ ನಿಕೊಲಾಯ್ ಅನಿಚ್ಕೋವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಪ್ಲಾಕ್ ಬರಿಸಿದರು. ಆದರೆ ಹೀಗೆ ಕೆಲವು ತಿಂಗಳಲ್ಲಿ ಬರಿಸಿದ ಪ್ಲಾಕ್ ತುಂಬಾ ಮ್ಯಾಕ್ರೋಫೇಜುಗಳೇ. ಅರವತ್ತು ವರ್ಷದ ಮನುಷ್ಯನ ಪ್ಲಾಕಿನಲ್ಲಿ ಕೊಬ್ಬು, ನಾರು, ಸುಣ್ಣ, ಹಳೇ ರಕ್ತಸ್ರಾವ ಎಲ್ಲ ಪದರ ಪದರವಾಗಿ ಇರುತ್ತದೆ. ಮೊಲದಲ್ಲಿ ನೋಡುವುದು ನೇರವಾದ ಮಹಾಧಮನಿ, ನಮಗೆ ಬೇಕಾದದ್ದು ಕುಣಿಯುವ ಕರೋನರಿ. ಎಂಆರ್‌ಐಗೆ ಬೇಕಾಗುವಷ್ಟು ಗ್ಯಾಡೊಲಿನಿಯಂ ತುಂಬಿದ ಕಣ ಮೈಯಲ್ಲಿ ತುಂಬಾ ಹೊತ್ತು ಉಳಿದರೆ ಅದೇ ಒಂದು ಭಯ.

ದುಡ್ಡಿನ ಮಾತೂ ಇದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಮಾತ್ರೆಯಾದರೆ ರೋಗಿ ದಿನಾ ನುಂಗುತ್ತಾನೆ, ಮೂವತ್ತು ವರ್ಷ ನುಂಗುತ್ತಾನೆ. ಡೈ ಹಾಕಿಸಿಕೊಳ್ಳುವುದು ಜೀವಮಾನಕ್ಕೆ ಒಂದೋ ಎರಡೋ ಸಲ. ಆದರೆ ಹೊಸ ಡೈಗೂ ಹೊಸ ಮಾತ್ರೆಯ ಹಾಗೇ ಹಂತ ಹಂತದ ಪರೀಕ್ಷೆ ಆಗಬೇಕು. ಫೈಬ್ರಿನ್‌ಗೆ ಅಂಟುವ ಒಂದು ಗ್ಯಾಡೊಲಿನಿಯಂ ಡೈ ಮನುಷ್ಯರ ಪರೀಕ್ಷೆಯವರೆಗೆ ಬಂದು ಹೆಪ್ಪನ್ನು ತೋರಿಸಿಯೂ ಮಾರುಕಟ್ಟೆಗೆ ಬರಲಿಲ್ಲ. ಕಡ ತಂದ ಡೈಗಳು ಗೆದ್ದದ್ದು ಇದಕ್ಕೇ. ಅವುಗಳ ಸುರಕ್ಷತೆಯ ಪರೀಕ್ಷೆಗೆ ಬೇರೆ ರೋಗದವರು ಆಗಲೇ ದುಡ್ಡು ಹಾಕಿದ್ದರು.

ಕಿಡ್ನಿ ತೊಂದರೆ ಇದ್ದವರಿಗೆ ಅಪಾಯ ಇದೆಯಾ?

ಕೇಳಲೇಬೇಕಾದ ಪ್ರಶ್ನೆ. ಕಿಡ್ನಿ ತೀರಾ ಕೆಟ್ಟವರಿಗೆ ಕೆಲವು ಹಳೇ ಗ್ಯಾಡೊಲಿನಿಯಂ ಡೈಗಳಿಂದ ಚರ್ಮ, ಕೀಲು ಮರಗಟ್ಟುವ ರೋಗ ಬರುತ್ತದೆ ಅಂತ 2006ರಲ್ಲಿ ಬೆಳಕಿಗೆ ಬಂತು. ಆಮೇಲೆ ಗ್ಯಾಡೊಲಿನಿಯಂ ಅನ್ನು ಬಿಗಿಯಾಗಿ ಹಿಡಿದಿಡುವ ಡೈಗಳ ಕಡೆಗೆ ಎಲ್ಲರೂ ತಿರುಗಿದರು. ಅಯೋಡಿನ್ ಡೈ ಕೊಡುವ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಅಂತ ನೋಡುವುದೂ ಕಿಡ್ನಿ ಕಾಯಲಿಕ್ಕೇ. ಫೆರುಮಾಕ್ಸಿಟಾಲ್ ಕಿಡ್ನಿಗೆ ಹೊರೆ ಅಲ್ಲ, ಆದರೆ ಅಪರೂಪಕ್ಕೆ ಪ್ರಾಣಕ್ಕೆ ಬರುವಂಥ ಅಲರ್ಜಿ ಆಗುತ್ತದೆ. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದರ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದರು. ಪೆಟ್ ಡೈಗಳಲ್ಲಿ ವಸ್ತು ತೀರಾ ಕಡಿಮೆ, ಅಲ್ಲಿ ಯೋಚಿಸಬೇಕಾದದ್ದು ವಿಕಿರಣದ್ದು. ಗರ್ಭಿಣಿಯರಿಗೆ ಮಾಡುವುದಿಲ್ಲ.

ಪ್ಲಾಕ್ ಕೆರಳಿದೆ ಅಂತ ಗೊತ್ತಾದರೆ ಅಲ್ಲಿಗೇ ಒಂದು ಸ್ಟೆಂಟ್ ಹಾಕಿಬಿಡಬಹುದಲ್ವಾ?

ಮನಸ್ಸಿಗೆ ಮೊದಲು ಬರುವುದು ಇದೇ. 2024ರಲ್ಲಿ ಇದರ ಮೇಲೆ ದೊಡ್ಡ ಅಧ್ಯಯನ ಬಂತು. ದಕ್ಷಿಣ ಕೊರಿಯಾ, ಜಪಾನ್, ತೈವಾನ್, ನ್ಯೂಜಿಲೆಂಡ್ ಸೇರಿ 1,606 ಜನ. ರಕ್ತದ ಓಟಕ್ಕೆ ಇನ್ನೂ ಅಡ್ಡಿ ಮಾಡದ, ಆದರೆ ಅಪಾಯದ ಲಕ್ಷಣ ಇರುವ ಪ್ಲಾಕುಗಳಿಗೆ ಅರ್ಧ ಜನರಿಗೆ ಮುಂಚೆಯೇ ಸ್ಟೆಂಟ್ ಹಾಕಿ, ಉಳಿದವರಿಗೆ ಮಾತ್ರೆ ಮಾತ್ರ ಕೊಟ್ಟರು. ಎರಡು ವರ್ಷದಲ್ಲಿ ತೊಂದರೆ ಆದದ್ದು ಸ್ಟೆಂಟ್‌ನವರಲ್ಲಿ ಶೇ 0.4, ಮಾತ್ರೆಯವರಲ್ಲಿ ಶೇ 3.4.

ಕೇಳಲು ಭರ್ಜರಿ. ಆದರೆ ಅದೇ ಅಂಕಿಯನ್ನು ತಿರುಗಿಸಿ ನೋಡಿ. ಬರೀ ಮಾತ್ರೆ ತೆಗೆದುಕೊಂಡ ನೂರರಲ್ಲಿ 96 ಜನಕ್ಕೂ ಹೆಚ್ಚು ಆರಾಮಾಗಿಯೇ ಇದ್ದರು. ಅಲ್ಲಿ ಅಪಾಯದ ಪ್ಲಾಕ್ ಆರಿಸಿದ್ದು ರಕ್ತನಾಳದೊಳಗೆ ಕೊಳವೆ ಇಳಿಸಿ ನೋಡುವ ಕ್ಯಾಮೆರಾಗಳಿಂದ, ಗುರಿ ಇಟ್ಟ ಡೈಯಿಂದ ಅಲ್ಲ. ಡೈ ನೋಡಿ ಸ್ಟೆಂಟ್ ಹಾಕುವ ಕಾಲ ಇನ್ನೂ ಬಂದಿಲ್ಲ.

ಹಾಗಿದ್ದರೆ ಈ ಡೈಗಳಿಂದ ಈಗ ಏನು ಉಪಯೋಗ?

ಹೊಸ ಔಷಧ ಪರೀಕ್ಷೆಗೆ. ಅಟ್ಯಾಕ್ ಕಡಿಮೆ ಆಯಿತಾ ಅಂತ ನೋಡಲು ಸಾವಿರಾರು ಜನ, ವರ್ಷಗಟ್ಟಲೆ ಸಮಯ ಬೇಕು. ಉರಿಯೂತ ತಗ್ಗಿಸುವ ಕೆನಕಿನುಮ್ಯಾಬ್ ಪರೀಕ್ಷೆಗೆ 10,061 ಜನ ಬೇಕಾದರು, ಫಲಿತಾಂಶ 2017ರಲ್ಲಿ ಬಂತು. ಅದರ ಬದಲು ಪ್ಲಾಕನ್ನೇ ನೇರವಾಗಿ ನೋಡಿದರೆ? 2009ರಲ್ಲಿ ಕೇಂಬ್ರಿಜ್‌ನಲ್ಲಿ 47 ಜನರಿಗೆ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಮಾತ್ರೆ 10 ಮಿ.ಗ್ರಾಂ ಅಥವಾ 80 ಮಿ.ಗ್ರಾಂ ಕೊಟ್ಟು ಕಬ್ಬಿಣದ ಡೈ ಹಾಕಿ ನೋಡಿದರು. ಹನ್ನೆರಡೇ ವಾರಕ್ಕೆ 80ರವರ ಪ್ಲಾಕ್ ತಣ್ಣಗಾಗುತ್ತಿರುವುದು ಕಾಣಿಸಿತು. 10ರವರದು ಹಾಗೇ ಇತ್ತು. ಯಾವ ಔಷಧವನ್ನು ಮುಂದಕ್ಕೆ ಒಯ್ಯಬೇಕು, ಯಾವುದನ್ನು ಕೈಬಿಡಬೇಕು ಅಂತ ಬೇಗ ತಿಳಿಯುವ ದಾರಿ ಇದು.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಈ ಟೆಸ್ಟ್ ಮಾಡುತ್ತಾರಾ?

ಯಂತ್ರ ಇದೆ. ಸಕ್ಕರೆ ಡೈ, ಡೋಟಾಟೇಟ್ ಇವೂ ಕ್ಯಾನ್ಸರ್ ರೋಗಿಗಳಿಗಾಗಿ ದಿನಾ ಬಳಕೆಯಲ್ಲಿವೆ. ಆದರೆ ಕರೋನರಿ ಪ್ಲಾಕ್ ನೋಡಲು ಅಂತ ಮಾಮೂಲಿ ಚಿಕಿತ್ಸೆಯಲ್ಲಿ ಯಾವ ದೇಶದಲ್ಲೂ ಮಾಡುವುದಿಲ್ಲ. ಇದು ಇನ್ನೂ ಸಂಶೋಧನೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹೃದಯದ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ನೆನಪಿದೆಯಲ್ಲ. ಅಂಥ ಭಯ ಹಿಡಿದಾಗ ಸ್ಕ್ಯಾನ್ ಮಾರುವವರ ಮಾತು ಸಿಹಿಯಾಗಿ ಕೇಳಿಸುತ್ತದೆ. "ಪ್ಲಾಕ್ ಸ್ಕ್ಯಾನ್" ಅಂತ ಪ್ಯಾಕೇಜ್ ಕಂಡರೆ, ಯಾವ ಡೈ ಹಾಕುತ್ತೀರಿ, ಫಲಿತಾಂಶ ನೋಡಿ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಯಿಸುತ್ತೀರಿ ಅಂತ ಎರಡು ಪ್ರಶ್ನೆ ಕೇಳಿ.

ಸರಿ, ಈಗ ಸಿಗುವುದರಲ್ಲಿ ಯಾವುದು ಉಪಯೋಗ?

ಡಾಕ್ಟರ್ ಬೇಕು ಅಂದರೆ ಕರೋನರಿಯಲ್ಲಿ ಸುಣ್ಣ ಎಷ್ಟಿದೆ ಅಂತ ಅಳೆಯುವ ಸಿಟಿ ಕ್ಯಾಲ್ಸಿಯಂ ಸ್ಕೋರ್ ಇದೆ, ಅದಕ್ಕೆ ಡೈಯೇ ಬೇಡ. ಎದೆನೋವು ಇದ್ದವರಿಗೆ ಸಿಟಿ ಆಂಜಿಯೋ ಇದೆ, ಅದು ದಾರಿಯ ಜೊತೆ ಗೋಡೆಯನ್ನೂ ಒಂದಷ್ಟು ತೋರಿಸುತ್ತದೆ. ಸ್ಕಾಟ್ಲೆಂಡಿನಲ್ಲಿ 4,146 ಜನರ ಅಧ್ಯಯನ ಆಯಿತು. ಮಾಮೂಲಿ ಚಿಕಿತ್ಸೆಯ ಜೊತೆ ಸಿಟಿ ಆಂಜಿಯೋ ಆದವರಲ್ಲಿ ಐದು ವರ್ಷದಲ್ಲಿ ಹೃದಯದ ಸಾವು, ಅಟ್ಯಾಕ್ ಶೇ 2.3. ಸಿಟಿ ಇಲ್ಲದವರಲ್ಲಿ ಶೇ 3.9. ಸಿಟಿ ಯಂತ್ರ ಯಾರನ್ನೂ ಗುಣ ಮಾಡಲಿಲ್ಲ. ಪ್ಲಾಕ್ ಕಣ್ಣಿಗೆ ಬಿದ್ದ ಮೇಲೆ ಸ್ಟಾಟಿನ್‌ನಂಥ ಮಾತ್ರೆ ಸರಿಯಾದವರಿಗೆ ಸಿಕ್ಕಿದ್ದರಿಂದ ಆದ ಲಾಭ ಅದು ಅಂತ ಅಧ್ಯಯನ ಮಾಡಿದವರ ವಿವರಣೆ.

ನನ್ನನ್ನು ಇಂಥ ಒಂದು ಅಧ್ಯಯನಕ್ಕೆ ಸೇರಿ ಅಂತ ಕೇಳಿದ್ದಾರೆ. ಸೇರಬಹುದಾ?

ಸೇರುವುದು ಬಿಡುವುದು ನಿಮ್ಮಿಷ್ಟ. ಬೇಡ ಅಂದರೆ ನಿಮ್ಮ ಚಿಕಿತ್ಸೆಗೆ ಏನೂ ಕುಂದು ಬರಬಾರದು. ಭಾರತದಲ್ಲಿ ನಡೆಯುವ ಔಷಧ ಪರೀಕ್ಷೆಗಳು ಸಿಟಿಆರ್‌ಐ ಅನ್ನುವ ದಾಖಲೆಯಲ್ಲಿ ಇರಬೇಕು, ಅದರ ನಂಬರ್ ಕೇಳಿ ತೆಗೆದುಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಅನ್ನಿ. ಮನೆಗೆ ತಂದು ಮಗನಿಗೋ ಮಗಳಿಗೋ ತೋರಿಸಿ, ನಾಳೆ ಸಹಿ ಹಾಕುತ್ತೇನೆ ಅನ್ನಲು ನಾಚಿಕೆ ಬೇಡ. ಡೈ ಯಾವುದು, ಎಷ್ಟು ಸಲ ಹಾಕುತ್ತಾರೆ, ವಿಕಿರಣ ಎಷ್ಟು, ಸ್ಕ್ಯಾನಿನಲ್ಲಿ ಏನಾದರೂ ಕಂಡರೆ ನಿಮಗೆ ಹೇಳುತ್ತಾರಾ, ಏನಾದರೂ ಹೆಚ್ಚುಕಮ್ಮಿ ಆದರೆ ಖರ್ಚು ಯಾರದು, ಇಷ್ಟು ಕೇಳಿ ಬರೆದುಕೊಳ್ಳಿ. ಹಿಂದೆ ಯಾವುದಾದರೂ ಡೈಗೆ ಮೈ ತುರಿಕೆ, ಉಸಿರುಗಟ್ಟುವುದು ಆಗಿದ್ದರೆ ಅವರು ಕೇಳುವವರೆಗೆ ಕಾಯದೆ ನೀವೇ ಮೊದಲು ಹೇಳಿ. ಹಳೇ ಆಂಜಿಯೋಗ್ರಾಂ ಸಿಡಿ, ಕ್ರಿಯಾಟಿನಿನ್ ರಿಪೋರ್ಟು, ಈಗ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ.